ವಿಷಹೊಗೆ, ರಾಜಕುರು ಮತ್ತು ಯುದ್ಧಭೂಮಿ

ಶತ್ರುವಿನ ಕಣ್ಣು ಕುರುಡಾಗಿಸುವ ಹೊಗೆ, ಕುಷ್ಠ, ಜ್ವರ, ವಾಂತಿಭೇದಿ ತರಿಸುವ ಮದ್ದಿನ ಮಿಶ್ರಣಗಳು, ನೀರು ಕೆಡಿಸುವ ಪುಡಿ: ಇವೆಲ್ಲ ಕೌಟಿಲ್ಯನ ಅರ್ಥಶಾಸ್ತ್ರದ 14ನೆಯ ಅಧಿಕರಣ ‘ಔಪನಿಷದಿಕ’ದಲ್ಲಿವೆ. ಕಪ್ಪೆ, ಹಲ್ಲಿಗಳನ್ನು ಅರೆದು ಮಾಡುವ ಈ ಮದ್ದುಗಳು ಎಷ್ಟು ಫಲಿಸುತ್ತಿದ್ದವೋ ಅನುಮಾನ. ಆದರೆ ರೋಗವನ್ನೇ ಆಯುಧವಾಗಿಸುವ ಆಲೋಚನೆ ಸ್ಪಷ್ಟ. ತನ್ನ ಸೈನ್ಯದ ಮೇಲೆ ಇಂಥ ಪ್ರಯೋಗವಾದರೆ ಏನು ಮಾಡಬೇಕೆಂದೂ ಅದೇ ಅಧಿಕರಣ ಹೇಳುತ್ತದೆ. ಗ್ರಂಥದ ಹಸ್ತಪ್ರತಿಯನ್ನು 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗುರುತಿಸಿ, 1909ರಲ್ಲಿ ಪ್ರಕಟಿಸಿದವರು ಆರ್. ಶಾಮಶಾಸ್ತ್ರಿ.

ಹೊರಜಗತ್ತಿನ ಪ್ರಸಿದ್ಧ ಉದಾಹರಣೆ ಕ್ರಿಮಿಯಾದಲ್ಲಿ ನಡೆದ 1346ರ ಕಾಫಾ ಮುತ್ತಿಗೆ. ಪ್ಲೇಗಿನಿಂದ ಸತ್ತವರ ಹೆಣಗಳನ್ನು ಮಂಗೋಲರು ಕವಣೆಯಂತ್ರದಿಂದ ಕೋಟೆಯೊಳಗೆ ಎಸೆದರೆಂದು ಇಟಲಿಯ ಗೇಬ್ರಿಯೆಲ್ ಡಿ ಮುಸ್ಸಿ ಬರೆದಿದ್ದಾನೆ.

ಯಾರೂ ಪ್ರಯೋಗಿಸದ ಸೋಂಕೂ ಯುದ್ಧದ ದಿಕ್ಕು ಬದಲಿಸಬಲ್ಲದು. 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಳಿ ಮೇವಿನ ಕೊರತೆ, ಜಾನುವಾರು ರೋಗಗಳಿಂದ ಎತ್ತುಗಳು ಸತ್ತು, ಮುತ್ತಿಗೆಗೆ ಬಂದಿದ್ದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ತನ್ನ ಭಾರಿ ತೋಪುಗಳನ್ನು ತಾನೇ ನಾಶಪಡಿಸಿ ಹಿಂದೆ ಸರಿಯಬೇಕಾಯಿತು.

ಸೋಂಕು ಸೇನಾನಾಯಕರನ್ನೂ ಬಿಡಲಿಲ್ಲ. ಮುಳಬಾಗಿಲಿನಲ್ಲಿ 1768ರ ಅಕ್ಟೋಬರ್ 4ರಂದು ಬ್ರಿಟಿಷ್ ಕರ್ನಲ್ ವುಡ್‌ನ ಪಡೆಯನ್ನು ಎದುರಿಸಿದ್ದ ಮೈಸೂರಿನ ಹೈದರ್ ಅಲಿಯನ್ನು ಬಲಿ ಪಡೆದದ್ದು ಗುಂಡಲ್ಲ, ಬೆನ್ನಿನ ರಾಜಕುರು. ಸಾಮಾನ್ಯವಾಗಿ ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯಾದಿಂದ ಬರುವ ಕೀವುಗಡ್ಡೆಯಿದು. 1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ಶಿಬಿರದಲ್ಲಿ ಆತ ತೀರಿಕೊಂಡ. ಸಾವನ್ನು ಗುಟ್ಟಾಗಿಟ್ಟು ದೇಹವನ್ನು ಕೋಲಾರಕ್ಕೆ ತಂದು ತಂದೆ ಫತ್ತೇ ಮಹಮದನ ಸಮಾಧಿಯಲ್ಲಿರಿಸಿ, ಬಳಿಕ ಶ್ರೀರಂಗಪಟ್ಟಣದ ಗುಂಬಜ್‌ಗೆ ಸಾಗಿಸಲಾಯಿತು.