ಬಿಂಬದ ಗುಣ: ಡಿಜಿಟಲ್ ಕ್ಯಾಮರಾವನ್ನು ಕುರಿತು ಒಂದು ಪಾಠ

ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆಯು ಗರುಡನ ಸನ್ನಿಧಿಯಿಂದ ಪ್ರಸಿದ್ಧವಾದ ಊರು. ಅಂತಹ ಊರಿನ ಹಳೆಯ ಹೆಂಚಿನ ಮನೆಯಲ್ಲಿ ಮಧ್ಯಾಹ್ನದ ವೇಳೆ ಕುಳಿತವರು ಒಂದು ಸಂಗತಿಯನ್ನು ಕಂಡೇ ಇರುವರು. ಮಾಡಿನ ಕಿರುಸಂದುಗಳಿಂದ ಇಳಿದ ಬಿಸಿಲು ನೆಲದ ಮೇಲೆ ದುಂಡನೆಯ ಬಿಲ್ಲೆಗಳಾಗಿ ಬೀಳುವುದು. ಸಂದು ಮೂರು ಮೂಲೆಯದಾಗಿದ್ದರೂ ಸರಿ, ಸೊಟ್ಟಗಿದ್ದರೂ ಸರಿ, ಬಿಲ್ಲೆಯು ಮಾತ್ರ ದುಂಡಗೆ. ಇದಕ್ಕೆ ಕಾರಣವೇನು? ಅದು ಸಂದಿನ ಆಕಾರವಲ್ಲ, ಸೂರ್ಯನ ಬಿಂಬ. 2019ನೆಯ ಇಸವಿ ಡಿಸೆಂಬರ್ 26ರ ಗ್ರಹಣದಲ್ಲಿ, ಕಾಸರಗೋಡು ಜಿಲ್ಲೆಯ ಚೆರ್ವತ್ತೂರಿನವರಿಗೆ ಸೂರ್ಯನು ಉಂಗುರದಂತೆ ತೋರಿದ ಹೊತ್ತಿನಲ್ಲಿ, ಪಾರ್ಶ್ವಗ್ರಹಣವನ್ನು ಕಂಡ ನಮ್ಮ ಕಡೆಯಲ್ಲಿ ಈ ಬಿಲ್ಲೆಗಳು ಕುಡುಗೋಲಿನಂತೆ ಬಾಗಿದ್ದುವು. ಸೂರ್ಯನ ಆಕಾರವು ಬದಲಾದಂತೆ ಬಿಂಬದ ಆಕಾರವೂ ಬದಲಾಯಿತು.

ಕ್ಯಾಮರಾ ಎಂಬ ಲ್ಯಾಟಿನ್ ಶಬ್ದಕ್ಕೆ ಕೋಣೆ ಎಂದೇ ಅರ್ಥ. ಕತ್ತಲೆಯ ಕೋಣೆ, ಅದಕ್ಕೊಂದು ರಂಧ್ರ, ಎದುರಿಗೆ ಬಿಂಬವು ಬೀಳುವುದಕ್ಕೊಂದು ಸ್ಥಳ, ಇಷ್ಟು ಇದ್ದರೆ ಕ್ಯಾಮರಾ ಆಯಿತು. ಹೀಗಿದ್ದರೂ ಹೊಸ ಕ್ಯಾಮರಾವನ್ನು ಕಂಡೊಡನೆ ಜನರು ಕೇಳುವ ಮೊದಲನೆಯ ಪ್ರಶ್ನೆ, “ಇದರಲ್ಲಿ ಎಷ್ಟು ಮೆಗಾಪಿಕ್ಸೆಲ್?” ಎಂಬುದೇ ಆಗಿದೆ. ಒಂದು ಮೆಗಾಪಿಕ್ಸೆಲ್ ಎಂದರೆ ಹತ್ತು ಲಕ್ಷ ಬಿಂದುಗಳು. ಈ ಸಂಖ್ಯೆಯು ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಅಚ್ಚಾಗಿರುವುದರಿಂದ ಚಿತ್ರದ ಗುಣವೆಲ್ಲವೂ ಅದರಲ್ಲಿಯೇ ಅಡಗಿದೆಯೆಂದು ನಂಬುವುದು ಸಹಜ. ಛಾಯಾಚಿತ್ರಣವನ್ನು ವೃತ್ತಿಯಾಗಿ ಅಲ್ಲ, ಬಿಡುವಿನ ವೇಳೆಯ ಹವ್ಯಾಸವಾಗಿ ಇಟ್ಟುಕೊಂಡಿರುವ ನಾವೂ ಹಾಗೆಯೇ ನಂಬಿದ್ದೆವು. ಆ ನಂಬಿಕೆಯು ಬಿಂಡಿಗನವಿಲೆಯ ಒಂದು ನಡುಮನೆಯಲ್ಲಿ ಮುರಿಯಿತು.

ಕೆಲವು ವರ್ಷಗಳ ಹಿಂದೆ ಹೊಸ ಕ್ಯಾಮರಾವೊಂದನ್ನು ಕೊಂಡು, ಬಂಧುಗಳ ಮನೆಗೆಂದು ಆ ಊರಿಗೆ ಹೋಗಿದ್ದೆವು. ಮನೆಯ ಹಿರಿಯಜ್ಜಿಯವರು ಕಂಬಕ್ಕೆ ಒರಗಿ ಹೂ ಕಟ್ಟುತ್ತ ಕುಳಿತಿದ್ದರು. ನಮ್ಮ ಕ್ಯಾಮರಾದಲ್ಲಿ 24 ಮೆಗಾಪಿಕ್ಸೆಲ್, ಎಂದರೆ 2 ಕೋಟಿ 40 ಲಕ್ಷ ಬಿಂದುಗಳು. ಹೆಮ್ಮೆಯಿಂದ ನಾಲ್ಕಾರು ಚಿತ್ರಗಳನ್ನು ತೆಗೆದೆವು. ಮನೆಗೆ ಬಂದು ದೊಡ್ಡದು ಮಾಡಿ ನೋಡಲಾಗಿ, ಅಜ್ಜಿಯವರ ಮುಖವು ಮಸಕಾಗಿತ್ತು. ನೆರಳಿದ್ದೆಡೆಯಲ್ಲಿ ರಾಗಿ ಚೆಲ್ಲಿದಂತೆ ಬಣ್ಣದ ಕಾಳುಗಳು ತುಂಬಿದ್ದುವು. ಬಿಂದುಗಳು ಕೋಟಿಗಟ್ಟಲೆ ಇದ್ದುವು, ಅಜ್ಜಿಯವರೇ ಇರಲಿಲ್ಲ. ಏಕೆ ಹೀಗಾಯಿತೆಂಬುದನ್ನು ವಿಚಾರಿಸುವುದೇ ಈ ಪಾಠದ ಉದ್ದೇಶ.

ಬೆಳಕನ್ನು ಕೆರೆಯ ನೀರೆಂದು ಭಾವಿಸೋಣ. ಕೆರೆಯಲ್ಲಿ ನೀರಿರಬೇಕು, ತೂಬು ಸಾಕಷ್ಟು ತೆರೆದಿರಬೇಕು, ಕಾಲುವೆಯು ಎಲ್ಲಿಯೂ ಒಡೆದಿರಬಾರದು, ಕೊನೆಗೆ ಗದ್ದೆಯ ಮಡಿಗಳು ಆ ನೀರನ್ನು ಹಿಡಿಯಬೇಕು. ಇವುಗಳಲ್ಲಿ ಯಾವುದೊಂದು ಕೆಟ್ಟರೂ ಉಳಿದವುಗಳ ಸೊಗಸಿನಿಂದ ಬೆಳೆಯು ಬರುವುದಿಲ್ಲ. ಚಿತ್ರದ ವಿಷಯವೂ ಹೀಗೆಯೇ.

ಮೊದಲನೆಯದು ತೂಬು. ಮಸೂರದ, ಅಂದರೆ ಲೆನ್ಸಿನ, ಒಳಗೆ ಹಿಗ್ಗಿಸಿ ಕುಗ್ಗಿಸಬಹುದಾದ ಒಂದು ಕಂಡಿಯುಂಟು. ಮಸೂರದ ನಾಭಿದೂರವನ್ನು ಈ ಕಂಡಿಯ ಅಗಲದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಎಫ್ ಸಂಖ್ಯೆ ಎಂದು ಹೆಸರು. ನಾಭಿದೂರವು 50 ಮಿಲಿಮೀಟರ್ ಇದ್ದು ಕಂಡಿಯು 25 ಮಿಲಿಮೀಟರ್ ಅಗಲವಾಗಿದ್ದರೆ ಎಫ್ ಸಂಖ್ಯೆಯು 2. ಸಂಖ್ಯೆಯು ಕಿರಿದಾದಷ್ಟೂ ಕಂಡಿಯು ಹಿರಿದು. ಅಂದು ನಮ್ಮ ಕ್ಯಾಮರಾಕ್ಕಿದ್ದುದು ಅದರ ಸಂಗಡವೇ ಬಂದ ಅಗ್ಗದ ಜೂಮ್ ಮಸೂರ. 50 ಮಿಲಿಮೀಟರಿನಲ್ಲಿ ಅದು 5.6ಕ್ಕಿಂತ ಹೆಚ್ಚು ತೆರೆಯದು. 1.8ರವರೆಗೆ ತೆರೆಯುವ, ಹೆಚ್ಚು ಬೆಲೆಯದಲ್ಲದ ಒಂದು ಸಾದಾ ಮಸೂರವು ಅದೇ ಕಾಲದಲ್ಲಿ ಹೆಚ್ಚುಕಡಿಮೆ ಹತ್ತರಷ್ಟು ಬೆಳಕನ್ನು ಒಳಗೆ ಬಿಡುತ್ತಿತ್ತು. ಬೆಳಕು ಸಾಲದೆಂದು ಕ್ಯಾಮರಾವು ತನ್ನ ಕಣ್ಣನ್ನು ಹೆಚ್ಚು ಹೊತ್ತು ತೆರೆದಿಟ್ಟಿತು. ಅಷ್ಟರಲ್ಲಿ ನಮ್ಮ ಕೈಯೂ ಅಜ್ಜಿಯವರ ಬೆರಳುಗಳೂ ಅಲುಗಿದುವು. ಕೈಯಲ್ಲಿ ಹಿಡಿದು ತೆಗೆಯುವಾಗ 50 ಮಿಲಿಮೀಟರಿನ ಮಸೂರಕ್ಕೆ ಸೆಕೆಂಡಿನ 50ರಲ್ಲಿ ಒಂದು ಭಾಗಕ್ಕಿಂತ ನಿಧಾನವಾಗಬಾರದೆಂಬ ಹಳೆಯ ನಿಯಮವು ಇಂದಿಗೂ ಒಳ್ಳೆಯದೇ.

ಎರಡನೆಯದು ಕಾಲುವೆ, ಎಂದರೆ ಮಸೂರದ ಗಾಜು. ಒಂಟಿ ಗಾಜು ಕೆಂಪು ಕಿರಣವನ್ನೂ ನೀಲಿ ಕಿರಣವನ್ನೂ ಒಂದೇ ಸ್ಥಳದಲ್ಲಿ ಕೂಡಿಸಲಾರದು. ಅಂಚುಗಳಲ್ಲಿ ಬಣ್ಣದ ನೂಲು ಕಾಣುವುದು ಇದರಿಂದಲೇ. ಆದುದರಿಂದ ಬೇರೆ ಬೇರೆ ಗುಣದ ಗಾಜುಗಳನ್ನು ಜೋಡಿಸಿ ಒಂದರ ದೋಷವನ್ನು ಮತ್ತೊಂದರಿಂದ ಕಳೆಯುವರು. 1840ರಲ್ಲಿ ಪೆಟ್ಸ್‌ವಾಲ್ ಎಂಬ ಗಣಿತಜ್ಞನು ವಿಯೆನ್ನಾದಲ್ಲಿ ಮುಖಚಿತ್ರಗಳಿಗಾಗಿ ಮಸೂರವೊಂದನ್ನು ಲೆಕ್ಕ ಹಾಕಿ ರಚಿಸಿದನು. 1902ರಲ್ಲಿ ಜರ್ಮನಿಯ ಪಾಲ್ ರುಡಾಲ್ಫನು ನಾಲ್ಕೇ ಗಾಜುಗಳ ಟೆಸ್ಸಾರ್ ಮಸೂರವನ್ನು ತಂದನು. ಬರಿಯ ಗಾಜಿನ ಪ್ರತಿಯೊಂದು ಮೈಯೂ ನೂರರಲ್ಲಿ ಸುಮಾರು 4 ಭಾಗ ಬೆಳಕನ್ನು ಹಿಂದಕ್ಕೆ ಚಿಮ್ಮುವುದರಿಂದ, ಅದನ್ನು ತಡೆಯುವ ತೆಳುಲೇಪವು 1935ರಲ್ಲಿ ಬಂದುದು ಸಣ್ಣ ಉಪಕಾರವಲ್ಲ. ಯಾವ ಮಸೂರವೂ ಪೂರ್ತಿ ತೆರೆದಾಗ ತನ್ನ ಅತ್ಯುತ್ತಮ ಗುಣವನ್ನು ಕೊಡುವುದು ಅಪರೂಪ. ಒಂದೆರಡು ಮೆಟ್ಟಲು ಮುಚ್ಚಿದರೆ ಚಿತ್ರವು ಚೊಕ್ಕವಾಗುವುದು. ತೀರ ಮುಚ್ಚಿದರೆ ಬೆಳಕು ಕಂಡಿಯ ಅಂಚಿನಲ್ಲಿ ಹರಡಿ ಮತ್ತೆ ಮಸಕಾಗುವುದು.

ಮೂರನೆಯದು ಗದ್ದೆ. ಹಿಂದೆ ಫಿಲ್ಮು ಇದ್ದ ಸ್ಥಳದಲ್ಲಿ ಈಗ ಸಿಲಿಕಾನಿನ ಫಲಕವಿರುವುದು. ಇದಕ್ಕೆ ಸೆನ್ಸರ್ ಎನ್ನುವರು. 1975ರಲ್ಲಿ ಕೊಡಾಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ರಚಿಸಿದ ಮೊದಲ ಡಿಜಿಟಲ್ ಕ್ಯಾಮರಾದಲ್ಲಿ ಬಿಂದುಗಳು ಕೇವಲ 10,000. ಒಂದು ಚಿತ್ರವನ್ನು ಕ್ಯಾಸೆಟ್ಟಿನಲ್ಲಿ ದಾಖಲಿಸಲು 23 ಸೆಕೆಂಡು ಹಿಡಿಯುತ್ತಿತ್ತು. ಈ ಮಡಿಗಳಿಗೆ ಬಣ್ಣವು ತಿಳಿಯದು, ಬೆಳಕಿನ ಪ್ರಮಾಣ ಮಾತ್ರವೇ ತಿಳಿಯುವುದು. ಆದಕಾರಣ ಅವುಗಳ ಮೇಲೆ ಬಣ್ಣದ ಶೋಧಕಗಳನ್ನು ಹೊದಿಸುವರು: ಅರ್ಧದಷ್ಟಕ್ಕೆ ಹಸಿರು, ಕಾಲುಭಾಗಕ್ಕೆ ಕೆಂಪು, ಕಾಲುಭಾಗಕ್ಕೆ ನೀಲಿ. ಇದು ಬ್ರೈಸ್ ಬೇಯರ್ ಎಂಬಾತನ ಯುಕ್ತಿ. 1976ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು.

ಈಗ ಯೋಚಿಸಿ ನೋಡಿರಿ. ಒಂದೇ ಗದ್ದೆಯನ್ನು ನೂರು ಮಡಿ ಮಾಡಿದರೂ ಇನ್ನೂರು ಮಡಿ ಮಾಡಿದರೂ ಅದರ ಮೇಲೆ ಬೀಳುವ ಮಳೆಯು ಅಷ್ಟೇ. ಮಡಿಗಳು ಹೆಚ್ಚಿದಂತೆ ಒಂದೊಂದರ ಪಾಲು ಕಡಿಮೆಯಾಗುವುದು. ಮಳೆಯು ಹೆಚ್ಚು ಬೇಕಾದರೆ ಗದ್ದೆಯೇ ದೊಡ್ಡದಾಗಬೇಕು. 36 ಮಿಲಿಮೀಟರ್ ಉದ್ದ, 24 ಮಿಲಿಮೀಟರ್ ಅಗಲದ ದೊಡ್ಡ ಫಲಕಕ್ಕೂ, 8ಕ್ಕೆ 6 ಮಿಲಿಮೀಟರಿನ ಫೋನಿನ ಫಲಕಕ್ಕೂ ವಿಸ್ತಾರದಲ್ಲಿ 18 ಪಾಲಿನ ಅಂತರವುಂಟು. ಮಂದಬೆಳಕಿನಲ್ಲಿ ಫೋನಿನ ಚಿತ್ರವು ಕಾಳುಕಾಳಾಗುವುದಕ್ಕೂ, ಅದನ್ನು ಮುಚ್ಚಲು ಯಂತ್ರವೇ ಮುಖವನ್ನು ಮೇಣದಂತೆ ನುಣುಪು ಮಾಡುವುದಕ್ಕೂ ಇದೇ ಮುಖ್ಯ ಕಾರಣ.

ಹಾಗಾದರೆ ಬಿಂದುಗಳು ಎಷ್ಟು ಬೇಕು? ಲೆಕ್ಕವು ಸುಲಭ. ಕೈಯಲ್ಲಿ ಹಿಡಿದು ನೋಡುವ ಚಿತ್ರಕ್ಕೆ ಅಂಗುಲಕ್ಕೆ 300 ಬಿಂದುಗಳಿದ್ದರೆ ಸಾಕು. 10 ಅಂಗುಲ ಉದ್ದ, 8 ಅಂಗುಲ ಅಗಲದ ಪ್ರತಿಗೆ 3000ವನ್ನು 2400ರಿಂದ ಗುಣಿಸಿದರೆ 72 ಲಕ್ಷವಾಯಿತು. ಗೋಡೆಗೆ ತೂಗುಹಾಕುವ ಸಾಮಾನ್ಯ ಚಿತ್ರಕ್ಕೆ 8 ಮೆಗಾಪಿಕ್ಸೆಲ್ ಸಾಲುವುದೆಂದಾಯಿತು. 12ರಿಂದ 24ಕ್ಕೆ ಏರಿದರೂ ಚಿತ್ರದ ಉದ್ದವು ಇಮ್ಮಡಿಯಾಗದು, ಸುಮಾರು ಒಂದೂವರೆಗಿಂತಲೂ ಕಡಿಮೆ ಪಾಲಷ್ಟೇ ಬೆಳೆಯುವುದು.

ಹಳೆಯವರ ಕೆಲಸವೂ ಇದಕ್ಕೆ ಸಾಕ್ಷಿ. 1854ರಲ್ಲಿ ಲಿನೇಯಸ್ ಟ್ರೈಪ್ ಎಂಬ ಸೈನ್ಯಾಧಿಕಾರಿಯು ಬೇಲೂರು, ಹಳೇಬೀಡು, ಶ್ರವಣಬೆಳಗೊಳಗಳನ್ನು ಕಾಗದದ ನೆಗೆಟಿವ್‌ಗಳ ಮೇಲೆ ಚಿತ್ರಿಸಿದನು. ಮೈಸೂರಿನಲ್ಲಿ 1923ರಲ್ಲಿ ಜನಿಸಿದ ಟಿ. ಎಸ್. ಸತ್ಯನ್ ಅವರು ಫಿಲ್ಮಿನ ಕ್ಯಾಮರಾದಿಂದ ತೆಗೆದ ಮಕ್ಕಳ ಚಿತ್ರಗಳು 1979ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶಿತವಾದುವು. ಇವರಾರೂ ಮೆಗಾಪಿಕ್ಸೆಲ್ ಎಣಿಸಿದವರಲ್ಲ, ಬೆಳಕನ್ನು ಕಾದವರು.

ನಮ್ಮ ಕಥೆಯು ಇನ್ನೂ ಮುಗಿಯಲಿಲ್ಲ. ಚಿತ್ರವು ಕೆಟ್ಟುದನ್ನು ಕಂಡು ಮುಂದಿನ ಸಲ ಅಜ್ಜಿಯವರನ್ನು ಬೆಳಗಿನ ಬಿಸಿಲು ಓರೆಯಾಗಿ ಬೀಳುವ ಜಗಲಿಗೆ ಕರೆತಂದೆವು. ಅದೇ ಕ್ಯಾಮರಾ, ಅದೇ ಅಗ್ಗದ ಮಸೂರ. ಆದರೂ ಮುಖದ ಒಂದೊಂದು ಗೆರೆಯೂ, ಹೂವಿನ ದಾರವೂ ಸ್ಪಷ್ಟವಾಗಿ ಮೂಡಿದುವು. ಕೆರೆಯಲ್ಲಿ ನೀರಿದ್ದರೆ ಕಿರಿದಾದ ತೂಬೂ ಸಾಲುವುದು. ಪಕ್ಕದಲ್ಲಿ ನಿಂತಿದ್ದ ನಮ್ಮ ಸೋದರಸೊಸೆಯು ತನ್ನ ಹಳೆಯ ಫೋನಿನಲ್ಲಿಯೂ ಒಂದು ಚಿತ್ರ ತೆಗೆದಳು. ನಾವು ಅದನ್ನು ನೋಡಿ ನಕ್ಕೆವು.

ಎರಡು ವರ್ಷಗಳ ತರುವಾಯ ಅಜ್ಜಿಯವರು ತೀರಿಕೊಂಡರು. ಮನೆಯವರು ಚಿತ್ರವನ್ನು ಕೇಳಿದರು. ನಾವು ಅದನ್ನು ಒಂದೇ ಒಂದು ಗಣಕದ ತಟ್ಟೆಯಲ್ಲಿ ಇರಿಸಿದ್ದೆವು; ಅದು ಅಷ್ಟರಲ್ಲಿ ಕೆಟ್ಟುಹೋಗಿತ್ತು. ಸೊಸೆಯು ತನ್ನ ಚಿತ್ರವನ್ನು ಆಗಲೇ ಕಾಗದದ ಮೇಲೆ ಅಚ್ಚುಮಾಡಿಸಿ, ಹಿಂಬದಿಯಲ್ಲಿ ಹೆಸರನ್ನೂ ತಾರೀಖನ್ನೂ ಪೆನ್ಸಿಲಿನಿಂದ ಬರೆದು ಅಜ್ಜಿಯವರ ಕೈಗೇ ಕೊಟ್ಟಿದ್ದಳು. ಇಂದು ಆ ನಡುಮನೆಯ ಗೋಡೆಯ ಮೇಲಿರುವುದು ಆ ಚಿತ್ರವೇ. ನಮ್ಮ ಲೆಕ್ಕವೆಲ್ಲವೂ ಸರಿಯಾಗಿತ್ತು. ನೀರು ಮಡಿಗೆ ಬಂದಿತ್ತು. ಬೆಳೆಯನ್ನು ಮನೆಗೆ ತರುವುದನ್ನು ಮಾತ್ರ ಮರೆತಿದ್ದೆವು. ನೋಡಬೇಕಾದವರ ಕಣ್ಣಿಗೆ ತಲಪದ ಬಿಂಬಕ್ಕೆ ಯಾವ ಗುಣವನ್ನು ಹೇಳೋಣ?

ಹೆಣ್ಣುಮಕ್ಕಳಿಗೆ ಕ್ಯಾಮರಾ ಕೊಡಿಸಲೆಳಸುವ ತಾಯಿತಂದೆಗಳಿಗೆ ನಮ್ಮ ವಿಜ್ಞಾಪನೆ ಇಷ್ಟೆ: ಸಂಖ್ಯೆಗೆ ಹಣ ಕೊಡಬೇಡಿರಿ, ಒಳ್ಳೆಯ ಮಸೂರಕ್ಕೆ ಕೊಡಿರಿ, ಅದೂ ಆಗದಿದ್ದರೆ ಇರುವ ಫೋನನ್ನೇ ಹಿಡಿದು ಬೆಳಕಿನ ಕಡೆಗೆ ಹೋಗಲು ಕಲಿಸಿರಿ. ಸಂದೇಶಗಳ ಮೂಲಕ ಕಳುಹಿಸಿದ ಚಿತ್ರವು ದಾರಿಯಲ್ಲಿ ಸಾಮಾನ್ಯವಾಗಿ ಹಿಂಡಿ ಸಣ್ಣದಾಗುವುದರಿಂದ ಮೂಲವನ್ನು ಎರಡು ಬೇರೆ ಸ್ಥಳಗಳಲ್ಲಿ ಇರಿಸಿರಿ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಪೆಟ್ಟಿಗೆಗಳಲ್ಲಿ ತರಗತಿಯ ಚಿತ್ರಗಳಿರುವುವು. ಸಾಲಿನಲ್ಲಿ ನಿಂತವರ ಹೆಸರುಗಳನ್ನು ಬಲ್ಲವರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿರುವರು. ಈ ಸಂಚಿಕೆಯನ್ನು ಮುಚ್ಚಿದ ಮೇಲೆ ಅಂತಹ ಒಂದು ಚಿತ್ರವನ್ನು ಹೊರತೆಗೆದು, ಎಡದಿಂದ ಬಲಕ್ಕೆ, ನೆನಪಿರುವಷ್ಟು ಹೆಸರುಗಳನ್ನು ಅದರ ಬೆನ್ನಿನ ಮೇಲೆ ಬರೆಯಿರಿ. ಇಂದಿನ ಪಾಠದ ಅಭ್ಯಾಸವು ಅದೇ.