ಆಷಾಢದಲ್ಲೊಮ್ಮೆ ಬಾ

ತಮ್ಮಾ, ಡಿಸೆಂಬರ್ ರಜೆಯಲ್ಲಿ ನಾಲ್ಕು ದಿನ ನಮ್ಮಲ್ಲಿದ್ದು ಹೋದ ಮೇಲೆ ನಿನಗೂ ನಿನ್ನ ಹೆಂಡತಿಗೂ ಬೆಂಗಳೂರು ಸಾಕೆನಿಸಿದೆಯಂತೆ. ‘ದೊಡ್ಡಪ್ಪಾ, ಕುಮಟಾದ ಆಸುಪಾಸಿನಲ್ಲಿ ಹತ್ತಿಪ್ಪತ್ತು ಗುಂಟೆ ಜಾಗ ನೋಡಿ’ ಎಂದು ಮೊನ್ನೆ ಫೋನಿನಲ್ಲಿ ಹೇಳಿದೆ. ಕೇಳಿ ಸಂತೋಷವೇ ಆಯಿತು. ನಮ್ಮ ಕೇರಿಯ ಹನ್ನೊಂದು ಮನೆಗಳಲ್ಲಿ ನಾಲ್ಕಕ್ಕೆ ಬೀಗ ಬಿದ್ದಿದೆ. ಸಂಜೆ ದೀಪ ಕಾಣುವ ಮನೆ ಒಂದು ಹೆಚ್ಚಾಗುವುದಾದರೆ ನನಗಿಂತ ಖುಷಿಪಡುವವರು ಯಾರು? ಆದರೂ ಜಾಗಕ್ಕಿಂತ ಮೊದಲು ಒಂದು ಮಾತು ಕೇಳು. ನೀನು ನೋಡಿದ್ದು ಡಿಸೆಂಬರಿನ ಕಡಲು, ಆಷಾಢದ್ದಲ್ಲ. ಒಂದು ಮಳೆಗಾಲ ಪೂರ್ತಿ ಇಲ್ಲಿ ಬಾಡಿಗೆಗಿರು. ಮುಂಗಡ ಕೊಡುವುದೇನಿದ್ದರೂ ಆಮೇಲೆ.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ನಿಮ್ಮ ಬೆಂಗಳೂರಿನ ಇಡೀ ವರ್ಷದ ಮಳೆಯ ಮೂರು ಪಟ್ಟು ಇಲ್ಲಿ ಹೆಚ್ಚುಕಡಿಮೆ ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಲೆಕ್ಕ ಹೇಳಿದರೆ ಅರ್ಥವಾಗುವುದಿಲ್ಲ, ಮನೆಯೊಳಗೆ ಕೂತು ನೋಡಬೇಕು. ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗದೆ ಮುಗ್ಗಲು ನಾರುತ್ತದೆ; ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಹೊಗೆಯಲ್ಲೇ ಒಣಗಿಸುತ್ತೇವೆ. ಭರಣಿಯ ಉಪ್ಪು ನೀರೊಡೆಯುತ್ತದೆ. ಬೆಂಕಿಕಡ್ಡಿ ಗೀರಿದರೆ ಮದ್ದು ಕಿತ್ತುಬರುತ್ತದೆಯೇ ಹೊರತು ಕಿಡಿ ಹಾರುವುದಿಲ್ಲ. ಗಾಳಿಗೆ ಒಂದು ಮರ ತಂತಿಯ ಮೇಲೆ ಬಿದ್ದರೆ ಎರಡು-ಮೂರು ದಿನ ಕರೆಂಟಿಲ್ಲ, ಅದರ ಹಿಂದೆಯೇ ಮೊಬೈಲೂ ಸತ್ತುಹೋಗುತ್ತದೆ. ಮನೆಯಿಂದಲೇ ಕೆಲಸ ಎನ್ನುತ್ತೀಯಲ್ಲ, ಆ ಮೂರು ದಿನಕ್ಕೆ ನಿನ್ನ ಆಫೀಸಿನವರು ಏನನ್ನುತ್ತಾರೆ ಎಂದು ಈಗಲೇ ಕೇಳಿಕೋ. ರಾತ್ರಿ ಹೊಡೆತದ ಮಳೆ ನಿಂತಾಗ ಕಡಲಿನ ಮೊರೆತ ಇಲ್ಲಿಯವರೆಗೂ ಕೇಳುತ್ತದೆ. ಹೊಸಬರಿಗೆ ಅದು ಎದೆ ನಡುಗಿಸುತ್ತದೆ. ನನಗೆ ಅದಿಲ್ಲದಿದ್ದರೆ ನಿದ್ದೆ ಹತ್ತುವುದಿಲ್ಲ. ನಿನ್ನ ಹೆಂಡತಿಗೆ ಹೇಗೋ, ಅವಳನ್ನೇ ಕೇಳಿ ನಿರ್ಧರಿಸು.

ಮಳೆಗಾಲ ನೋಡಿದ ಮೇಲೆ ಮೇ ತಿಂಗಳನ್ನೂ ನೋಡು. ಇಷ್ಟು ಮಳೆ ಬೀಳುವ ಊರಿನಲ್ಲಿ ನೀರಿಗೆ ಬರ ಇರುತ್ತದೆ ಎಂದರೆ ನೀನು ನಂಬಲಿಕ್ಕಿಲ್ಲ. ಜಾಗ ನೋಡಲು ಹೋದಾಗ ಬಾವಿಯ ನೀರು ಒಂದು ಚೊಂಬು ಸೇದಿಸಿ ಕುಡಿ, ಅದೂ ಮೇ ಕೊನೆಯಲ್ಲಿ. ಕಡಲು, ಹೊಳೆ ಹತ್ತಿರವಿರುವಲ್ಲಿ ನೆಲದಡಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಮೇಲಿನದನ್ನು ಹೆಚ್ಚು ಎಳೆದಷ್ಟೂ ಕೆಳಗಿನದು ಏರಿಬರುತ್ತದೆ. ನಮ್ಮೂರಲ್ಲೇ ಪೇಟೆಯಿಂದ ಬಂದವರೊಬ್ಬರು ತೋಟಕ್ಕೆಂದು ಬೋರ್‌ವೆಲ್ ಕೊರೆಸಿ ಹಗಲಿರುಳು ಪಂಪು ಓಡಿಸಿದರು. ಎರಡನೇ ಬೇಸಿಗೆಗೆ ಅವರ ನೀರೂ ಸವಳು, ಪಕ್ಕದ ಮನೆಯ ಬಾವಿಯೂ ಸವಳು. ಅವರು ಮಾರಿ ಹೋದರು. ಪಕ್ಕದ ಮನೆಯ ಅಜ್ಜಿ ಇವತ್ತಿಗೂ ನಮ್ಮ ಬಾವಿಯಿಂದ ಕೊಡ ಹೊರುತ್ತಾಳೆ. ನೀನು ಬೋರ್ ಕೊರೆಸಬೇಡ. ಚಿರೆಕಲ್ಲಿನ ಬಾವಿಯೊಂದು ಮತ್ತು ಮಾಡಿನ ನೀರು ಹಿಡಿಯುವ ಟ್ಯಾಂಕಿಯೊಂದು ಇದ್ದರೆ ನಿಮ್ಮಿಬ್ಬರಿಗೆ ಧಾರಾಳ.

ಕಾಗದಪತ್ರದ ಬಗ್ಗೆ ಹೆಚ್ಚು ಹೇಳಲಾರೆ, ಒಳ್ಳೆಯ ವಕೀಲರನ್ನು ಹಿಡಿ. 2020ರ ತಿದ್ದುಪಡಿಯಾದ ಮೇಲೆ ಕೃಷಿಕರಲ್ಲದವರೂ ಹೊಲ-ತೋಟ ಕೊಳ್ಳಬಹುದು ನಿಜ. ಆದರೆ ತೋಟದ ಜತೆಗೆ ತೋರಿಸುವ ‘ಬೆಟ್ಟ’ ಸೊಪ್ಪು, ದರಕು (ಒಣ ಎಲೆ) ತರಲು ಇರುವ ಸವಲತ್ತೇ ಹೊರತು ಮನೆ ಕಟ್ಟುವ ಆಸ್ತಿಯಲ್ಲ. ಕಡಲ ಅಂಚಿನ ಜಾಗಕ್ಕೆ 1991ರಿಂದಲೂ ಕರಾವಳಿ ನಿಯಂತ್ರಣ ವಲಯದ ನಿಯಮವಿದೆ. ದಲ್ಲಾಳಿ ಅದನ್ನು ಕೊನೆಯಲ್ಲಿ ಹೇಳುತ್ತಾನೆ, ಇಲ್ಲವೆ ಹೇಳುವುದೇ ಇಲ್ಲ. ಇನ್ನು ಗುಡ್ಡ ಕಡಿದು ಸಮ ಮಾಡಿದ ಜಾಗವಾದರೆ ನೋಡಲಿಕ್ಕೂ ಹೋಗಬೇಡ. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಜಾರಿ ಗಂಗಾವಳಿಗೆ ಬಿತ್ತು. ಚಹಾದ ಅಂಗಡಿಯಲ್ಲಿದ್ದವರು ಹೋದರು, ಲಾರಿಯವರು ಹೋದರು. ಹೊಳೆಯ ನೀರು ಉಕ್ಕಿ ಆಚೆ ದಡದ ಉಳುವರೆಯ ಮನೆಗಳಿಗೂ ಬಡಿಯಿತು. ಆ ದಿನಗಳಲ್ಲಿ ನಮ್ಮ ಮನೆಗಳಲ್ಲಿ ಯಾರಿಗೂ ಊಟ ಸೇರಿರಲಿಲ್ಲ. ನೋಟ ಚೆನ್ನಾಗಿದೆಯೆಂದು ಗುಡ್ಡದ ಹೊಟ್ಟೆ ಕೊಯ್ದು ಮನೆ ಕಟ್ಟುವ ಆಸೆ ನಿನಗಿದ್ದರೆ ಇವತ್ತೇ ಬಿಡು.

ಆಸ್ಪತ್ರೆಯ ವಿಷಯವನ್ನೂ ಮುಚ್ಚಿಡುವುದಿಲ್ಲ. ಜ್ವರಕ್ಕೆ, ಹೆರಿಗೆಗೆ ಇಲ್ಲಿ ವೈದ್ಯರಿದ್ದಾರೆ. ಎದೆಗೋ ತಲೆಗೋ ದೊಡ್ಡ ಪೆಟ್ಟಾದರೆ ಮಣಿಪಾಲಕ್ಕೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಆಂಬುಲೆನ್ಸಿನಲ್ಲಿ ಹೋಗಬೇಕು. ನಿನ್ನ ಮಾವನವರನ್ನೂ ಕರೆತರುವ ಯೋಚನೆಯಿದ್ದರೆ ಇದು ನೆನಪಿರಲಿ.

ಫೋನಿನಲ್ಲಿ ನೀನು ‘ಅಲ್ಲಿ ಎಷ್ಟು ಆರಾಮು, ಯಾರಿಗೂ ಅವಸರವಿಲ್ಲ’ ಎಂದೆ. ಆ ಮಾತು ನನ್ನನ್ನು ಸ್ವಲ್ಪ ನೋಯಿಸಿತು. ಇಲ್ಲಿನವರಿಗೆ ಅವಸರವಿದೆ ತಮ್ಮಾ, ಅದು ಗಡಿಯಾರದ್ದಲ್ಲ, ನೀರಿನದು. ದಿನಕ್ಕೆ ಎರಡು ಭರತ, ಎರಡು ಇಳಿತ. ಹೊತ್ತು ದಿನದಿನವೂ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ-ಹುಣ್ಣಿಮೆಗೆ ಜೋರು, ಅಷ್ಟಮಿಯ ಸುಮಾರಿಗೆ ಸಪ್ಪೆ. ಇಳಿತದ ಹೊತ್ತಿಗೆ ಬಾ, ಅಘನಾಶಿನಿಯ ಅಳಿವೆಯಲ್ಲಿ ನಿಂತು ತೋರಿಸುತ್ತೇನೆ. ಸೊಂಟಮಟ್ಟದ ನೀರಿನಲ್ಲಿ ಹೆಂಗಸರು ಬಾಗಿ, ಮುಖ ಮಾತ್ರ ಮೇಲಿಟ್ಟು, ಕಾಲ್ಬೆರಳಿನಲ್ಲೇ ಕೆಸರು ತಡವಿ ಚಿಪ್ಪಿಕಲ್ಲು ಹೆಕ್ಕುತ್ತಾರೆ. ಭರತ ಏರುವುದರೊಳಗೆ ಬುಟ್ಟಿ ತುಂಬಬೇಕು. ಘಟ್ಟದಿಂದ ಕಡಲಿನವರೆಗೆ ಒಂದೂ ಅಣೆಕಟ್ಟು ಇಲ್ಲದೆ ಬರುವ ಹೊಳೆ ಇದು. ಅದಕ್ಕೇ ಅಳಿವೆಯಲ್ಲಿ ಇಷ್ಟು ಜೀವ. 2024ರಲ್ಲಿ ಈ ಅಳಿವೆಗೆ, ಮಹತ್ವದ ಜೌಗುನೆಲಗಳಿಗೆ ಕೊಡುವ ರಾಮ್ಸರ್ ತಾಣದ ಮನ್ನಣೆಯೂ ಸಿಕ್ಕಿತು. ಹೊಳೆಯಂಚಿನ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುತ್ತಾರೆ, ಕೊಯ್ಲಾದ ಮೇಲೆ ಅದೇ ಗದ್ದೆಗೆ ಹೊಳೆ ನೀರು ಬಿಟ್ಟುಕೊಂಡು ಶೆಟ್ಲಿ (ಸೀಗಡಿ), ಮೀನು ಹಿಡಿಯುತ್ತಾರೆ. ಹಾಗಾಗಿ, ಹತ್ತು ಗಂಟೆಗೆ ಬರುತ್ತೇನೆಂದ ಕೆಲಸದಾಕೆ ಬಾರದಿದ್ದರೆ ಸೋಮಾರಿ ಎನ್ನಬೇಡ. ಅವತ್ತು ಇಳಿತ ಹತ್ತಕ್ಕೇ ಇದ್ದೀತು.

ಮನೆ ಕಟ್ಟಿದ ಮೇಲೆ ಮೊದಲ ಕೆಲಸವೆಂದು ಎತ್ತರದ ಕಾಂಪೌಂಡ್ ಹಾಕಿಸಬೇಡ. ಇಲ್ಲಿ ಒಬ್ಬರ ಹಿತ್ತಲಿನಿಂದ ಇನ್ನೊಬ್ಬರ ಅಂಗಳಕ್ಕೆ, ಅಲ್ಲಿಂದ ಹೊಳೆಗೆ ಕಾಲುದಾರಿ ಇರುತ್ತದೆ. ನಕ್ಷೆಯಲ್ಲಿ ಕಾಣುವುದಿಲ್ಲ. ಮೀನಿನ ಬುಟ್ಟಿ ಹೊತ್ತವಳು, ಶಾಲೆಯ ಮಕ್ಕಳು, ದೋಣಿಗೆ ಹೋಗುವವರು ಅದರಲ್ಲೇ ನಡೆದು ಬೆಳೆದವರು. ದಾಟಿ ಹೋಗಲು ಬೇಲಿಗೊಂದು ದಣಪೆ ಇಡು, ಸಾಕು. ಕಡಲ ಕಡೆಗೆ ದೊಡ್ಡ ಲೈಟು ಹಾಕಬೇಡ. ಚಳಿಗಾಲದಿಂದ ಬೇಸಿಗೆಯವರೆಗೆ ನಮ್ಮ ತೀರಕ್ಕೆ ಕಡಲಾಮೆಗಳು ಬಂದು ಮೊಟ್ಟೆ ಇಡುತ್ತವೆ; ಮರಿಗಳು ಬೆಳಕು ಕಂಡ ಕಡೆಗೇ ತೆವಳುತ್ತವೆ, ನಿನ್ನ ದೀಪ ನೋಡಿ ನೀರಿಗೆ ಬೆನ್ನು ಹಾಕಿದರೆ ಬದುಕುವುದಿಲ್ಲ. ಯಾರ ಮನೆಗೆ ಹೋದರೂ ಮೊದಲು ಆಸರಿಗೆ, ಅಂದರೆ ಕುಡಿಯಲು ಏನಾದರೂ, ಕೊಡುತ್ತಾರೆ. ಬೇಡ ಎಂದು ಎದ್ದುಬರಬೇಡ, ಒಂದು ಗುಟುಕಾದರೂ ಕುಡಿ. ನೀನು ಮಾಡಿದ ಅಡುಗೆಗೆ ‘ಅಡ್ಡಿಲ್ಲ’ ಎಂದರೆ ಮುಖ ಸಣ್ಣ ಮಾಡಿಕೊಳ್ಳಬೇಡ, ನಮ್ಮಲ್ಲಿ ಅದು ಮೆಚ್ಚಿಗೆಯೇ.

ನಿನ್ನ ಗೆಳೆಯರು ಬಂದೇ ಬರುತ್ತಾರೆ. ಅವರಿಗೂ ಇದೊಂದನ್ನು ಹೇಳು. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರಕ್ಕೆ ಪ್ರವಾಸ ಬಂದ ನಾಲ್ವರು ವಿದ್ಯಾರ್ಥಿನಿಯರು ಕಡಲು ಪಾಲಾದರು. ಮಳೆಗಾಲವೂ ಅಲ್ಲ, ಹಗಲು ಹೊತ್ತು. ಎರಡೂ ಬದಿ ಅಲೆ ಒಡೆಯುತ್ತ ನಡುವೆ ನೀರು ಶಾಂತವಾಗಿ ಕಂಡರೆ ಮಕ್ಕಳು ಅಲ್ಲಿಗೇ ಇಳಿಯುತ್ತಾರೆ; ದಡಕ್ಕೆ ಬಂದ ನೀರು ಹಿಂದಕ್ಕೆ ಎಳೆದುಕೊಂಡು ಹೋಗುವ ದಾರಿ ಬಹಳ ಸಲ ಅದೇ. ಸಿಕ್ಕಿಬಿದ್ದವರು ದಡಕ್ಕೆ ನೇರ ಈಜಿ ಸುಸ್ತಾಗಬಾರದು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬರಬೇಕು. ಇಳಿಯುವ ಮೊದಲು ಬಲೆ ಹೆಣೆಯುತ್ತ ಕೂತವರನ್ನು ಕೇಳಿ. ಅವರು ಬೇಡ ಎಂದರೆ ಬೇಡ.

ಜೂನ್ ಮೊದಲ ವಾರಕ್ಕೆ ರಜೆ ಹಾಕಿ ಇಬ್ಬರೂ ಹೊರಟುಬನ್ನಿ. ಆಗ ಯಾಂತ್ರಿಕ ದೋಣಿಗಳಿಗೆ ಜುಲೈ 31ರವರೆಗೆ ನಿಷೇಧ, ಹಸಿ ಮೀನು ಅಪರೂಪ. ಕುಚ್ಚಲಕ್ಕಿ ಗಂಜಿಗೆ ಒಣಮೀನು, ಮಿಡಿ ಉಪ್ಪಿನಕಾಯಿ ಇದೆ. ಬೀಗ ಹಾಕಿದ ನಾಲ್ಕು ಮನೆಗಳಲ್ಲಿ ಒಂದರ ಕೀಲಿಕೈ ನನ್ನ ಹತ್ತಿರವೇ ಇದೆ, ಬಾಡಿಗೆ ಮಾತಾಡಿದ್ದೇನೆ. ಬಾವಿ ಚೆನ್ನಾಗಿದೆ. ಮಾಡಿನ ಹೆಂಚು ನಾಲ್ಕು ಕಡೆ ಸೋರುತ್ತದೆ, ಮೇ ಕೊನೆಯೊಳಗೆ ತಿದ್ದಿಸಿ ಇಡುತ್ತೇನೆ.