ಶಬ್ದ ಪಾಠಕ್ಕೊಂದು ಕಂಪ್ಯೂಟರ್ ಪೆಟ್ಟಿಗೆ

ಈ ಬಾರಿಯ ಬೋಧನಾಭ್ಯಾಸದಲ್ಲಿ ನನಗೆ ಎಂಟನೆಯ ತರಗತಿಯ ‘ಶಬ್ದ’ ಘಟಕ ಬಂದಿತ್ತು. ಶ್ರುತಿಕವೆ, ರಬ್ಬರ್‌ಬ್ಯಾಂಡು, ಬೆಂಕಿಪೊಟ್ಟಣದ ಟೆಲಿಫೋನು ಇವೆಲ್ಲ ನಮ್ಮ ಪಾಠಯೋಜನೆಗಳಲ್ಲಿ ಪ್ರತಿ ವರ್ಷವೂ ಬರುವ ಬೋಧನೋಪಕರಣಗಳು. ಅವುಗಳಿಂದ ಎರಡು ಪಾಠ ಮುಗಿಸಿದ ಮೇಲೆ, ಆವೃತ್ತಿ ಮತ್ತು ಗದ್ದಲದ ಪುನರವಲೋಕನಕ್ಕೆ ನಾನು ಆಯ್ದುಕೊಂಡದ್ದು ಶಾಲೆಯ ಕಂಪ್ಯೂಟರ್ ಕೊಠಡಿಯ ಮೂರನೆಯ ಯಂತ್ರವನ್ನು.

ಆ ತರಗತಿಯಲ್ಲಿ ಮಕ್ಕಳು 38, ನಡೆಯುವ ಯಂತ್ರಗಳು ಮೂರು. ಮೂರನೆಯದು ಚಾಲೂ ಮಾಡಿದ ಸ್ವಲ್ಪ ಹೊತ್ತಿಗೆ ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತಿತ್ತು. ಅರ್ಧ ಗಂಟೆ ಕಳೆದರೆ ತಾನಾಗಿ ಆರಿಹೋಗುತ್ತಿತ್ತು. ಟೈಪು ಮಾಡಿದ್ದು ಉಳಿಯುತ್ತಿರಲಿಲ್ಲ. ಅದನ್ನು ವಿಲೇವಾರಿ ಪಟ್ಟಿಗೆ ಸೇರಿಸುವ ಮಾತು ನಡೆದಿತ್ತು. ಸೇರಿಸಿದರೆ ವಾರಕ್ಕೊಮ್ಮೆ ಕೀಲಿಮಣೆ ಮುಟ್ಟುವ ಮಕ್ಕಳ ಸರದಿ ಇನ್ನೂ ದೂರ ಹೋಗುತ್ತದೆ. ಮುಖ್ಯ ಶಿಕ್ಷಕರ ಮತ್ತು ಕಂಪ್ಯೂಟರ್ ನೋಡಿಕೊಳ್ಳುವ ಶಿಕ್ಷಕರ ಒಪ್ಪಿಗೆ ಪಡೆದು, ಎರಡು ಅವಧಿಗಳನ್ನು ಜೋಡಿಸಿಕೊಂಡು ಈ ಪಾಠ ಮಾಡಿದೆ.

ಪ್ರೇರಣೆಯ ಹಂತದಲ್ಲಿ ಒಂದೇ ಪ್ರಶ್ನೆ ಕೇಳಿದೆ: “ಇದು ಯಾಕೆ ಇಷ್ಟು ಸದ್ದು ಮಾಡ್ತಿದೆ?” “ಹಳೇದಾಗಿದೆ ಮಿಸ್” ಎಂದರು ಹಲವರು. “ಒಳಗೆ ಇನ್ನೊಂದು ಫ್ಯಾನ್ ಹಾಕ್ಬೇಕು” ಎಂದಳು ಒಬ್ಬಳು. ಕೊನೆಯ ಸಾಲಿನ ಹುಡುಗ, “ಪಕ್ಕದ ಮುಚ್ಚಳ ತೆಗೆದಿಟ್ರೆ ಸಾಕು ಮಿಸ್, ನಮ್ಮ ಮಾವನ ಅಂಗಡೀಲಿ ಹಾಗೇ ಇಟ್ಟಿದ್ದಾರೆ” ಎಂದ. ಮೂರನ್ನೂ ಕಪ್ಪುಹಲಗೆಯ ಮೇಲೆ ಬರೆದು ಹಾಗೇ ಬಿಟ್ಟೆ. ಸರಿ–ತಪ್ಪು ಹೇಳುವುದಕ್ಕೆ ಮೊದಲು ಅಳತೆ ಬೇಕಿತ್ತು.

ಅಳತೆಗೆ ಬೇರೆ ಉಪಕರಣ ಬೇಕಿಲ್ಲ ಎಂಬುದನ್ನು ಸಹ ಪ್ರಶಿಕ್ಷಣಾರ್ಥಿಗಳು ಗಮನಿಸಬೇಕು. ಯಂತ್ರ ಶುರುವಾಗುವಾಗ ಡಿಲೀಟ್ ಅಥವಾ ಎಫ್2 ಕೀಲಿ ಒತ್ತಿದರೆ (ತಯಾರಕರಿಂದ ತಯಾರಕರಿಗೆ ಇದು ಬೇರೆಯಾಗುತ್ತದೆ) ಸೆಟಪ್ ಪರದೆ ತೆರೆಯುತ್ತದೆ. ಹೆಚ್ಚಿನ ಯಂತ್ರಗಳಲ್ಲಿ ಪ್ರೊಸೆಸರಿನ ಉಷ್ಣತೆ ಮತ್ತು ಅದರ ಫ್ಯಾನು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂಬುದು ಅಲ್ಲೇ ಕಾಣುತ್ತದೆ. ನಮ್ಮ ಯಂತ್ರ ಮೇಜಿನ ಕೆಳಗಿನ ಮರದ ಗೂಡಿನಲ್ಲಿ, ಬೆನ್ನು ಗೋಡೆಗೆ ತಾಗಿ ಕುಳಿತಿತ್ತು. ಹಾಗೆಯೇ ಹತ್ತು ನಿಮಿಷ ಓಡಿಸಿದಾಗ ಉಷ್ಣತೆ 82 ಡಿಗ್ರಿ ಸೆಲ್ಸಿಯಸ್, ಫ್ಯಾನಿನ ವೇಗ 2880. ಗೂಡಿನಿಂದ ಹೊರಗೆಳೆದು ಹತ್ತು ನಿಮಿಷ ಬಿಟ್ಟಾಗ 78 ಡಿಗ್ರಿ. ಬಂದ್ ಮಾಡಿ, ಪಕ್ಕದ ಮುಚ್ಚಳ ತೆಗೆದು ಮತ್ತೆ ಹತ್ತು ನಿಮಿಷ ಓಡಿಸಿದಾಗ 75.

“ನಾನು ಹೇಳಿದ್ದೇ ಸರಿ!” ಎಂದ ಆ ಹುಡುಗ. ಒಂದು ಅರ್ಥದಲ್ಲಿ ಸರಿಯೇ. ಆದರೆ ಇಲ್ಲಿ ಶಿಕ್ಷಕರು ಸ್ವಲ್ಪ ನಿಲ್ಲಬೇಕು. ನನ್ನ ಮಟ್ಟಿಗೆ ಇಡೀ ಪಾಠದ ಸತ್ವ ಇಲ್ಲಿದೆ. ಮುಚ್ಚಳ ತೆಗೆದಾಗ ಉಷ್ಣತೆ ದಡಕ್ಕನೆ ಇಳಿದರೆ, ಪೆಟ್ಟಿಗೆಯೊಳಗೆ ಗಾಳಿ ಬರುವ ದಾರಿಯೋ ಹೋಗುವ ದಾರಿಯೋ ಕಟ್ಟಿಕೊಂಡಿದೆ ಎಂದರ್ಥ. ಹೊರಗಿನ ಗಾಳಿ ಪೂರ್ತಿ ಸಿಕ್ಕಿದರೂ ಬರೀ ಎರಡು–ಮೂರು ಡಿಗ್ರಿ ಇಳಿದರೆ ತೊಂದರೆ ಇನ್ನೂ ಒಳಗಿದೆ: ಪ್ರೊಸೆಸರಿನ ಬಿಸಿಯನ್ನು ಹೀರಿ ಗಾಳಿಗೆ ಕೊಡಬೇಕಾದ ಲೋಹದ ರೆಕ್ಕೆಗಳ ನಡುವೆ. ಮುಚ್ಚಳ ತೆಗೆಯುವುದು ಚಿಕಿತ್ಸೆಗಿಂತ ಹೆಚ್ಚಾಗಿ ಪರೀಕ್ಷೆ. ತೆರೆದೇ ಇಟ್ಟರೆ ಮುಂದಿನಿಂದ ಹಿಂದಕ್ಕೆ ಸಾಗಬೇಕಾದ ಗಾಳಿ ಪಕ್ಕದಿಂದಲೇ ಬಂದು ಪಕ್ಕದಿಂದಲೇ ಹೋಗುತ್ತದೆ, ಹಾರ್ಡ್ ಡಿಸ್ಕಿನ ಕಡೆ ಸುಳಿಯದೆ ಹೋಗಬಹುದು. ಸದ್ದಿಗೂ ಧೂಳಿಗೂ ಅಡ್ಡಿಯೇ ಇರುವುದಿಲ್ಲ.

ಗಾಳಿಯ ದಾರಿ ನೋಡಲು ತೆಳು ಕಾಗದದ ಪಟ್ಟಿಗಳನ್ನು ಕತ್ತರಿಸಿ ಗುಂಪಿಗೊಂದು ಕೊಟ್ಟಿದ್ದೆ. ಊದುಬತ್ತಿ ಹಚ್ಚಬಹುದಿತ್ತಲ್ಲ ಎಂದು ವೀಕ್ಷಕ ಗೆಳತಿಯೊಬ್ಬರು ಕೇಳಿದರು. ಹೊಗೆ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಅದರ ಜಿಡ್ಡು ಒಳಗೆ ಹೋಗಿ ಕೂರುವುದು ನನಗೆ ಬೇಡವಾಗಿತ್ತು. ಮುಚ್ಚಳ ಮತ್ತೆ ಹಾಕಿ ನೋಡಿದಾಗ ಹಿಂಬದಿಯ ಫ್ಯಾನಿನ ಬಳಿ ಪಟ್ಟಿ ಹೊರಕ್ಕೆ ಹಾರಿತು. ಮುಂದಿನ ಜಾಲರಿಯ ಬಳಿ ಅದು ಒಳಕ್ಕೆ ಎಳೆಯಲ್ಪಡಬೇಕಿತ್ತು, ಅಲುಗಲೇ ಇಲ್ಲ. “ಅಲ್ಲಿಂದ ಬರ್ತಾ ಇಲ್ಲ ಅಂದ್ರೆ ಗಾಳಿ ಎಲ್ಲಿಂದ ಬರ್ತಿದೆ?” ಎಂಬ ಪ್ರಶ್ನೆಯನ್ನು ನಾನು ಕೇಳಬೇಕಾಗಿರಲಿಲ್ಲ, ಮಕ್ಕಳೇ ಕೇಳಿದರು. ಹುಡುಕಿದಾಗ ಹಿಂದಿನ ಸಂದುಗಳಿಂದ ಒಳಕ್ಕೆ ನುಗ್ಗುತ್ತಿತ್ತು. ಗೋಡೆಗೆ ಬಡಿದ ಬಿಸಿಗಾಳಿಯೇ ಸುತ್ತಿಕೊಂಡು ಒಳಗೆ ಬರುತ್ತಿತ್ತು ಎಂಬುದು ಹೀಗೆ ಹೊರಬಿತ್ತು. ಗೂಡಿನಿಂದ ಎಳೆದಾಗ ನಾಲ್ಕು ಡಿಗ್ರಿ ಯಾಕೆ ಇಳಿಯಿತೆಂದು ಬೇರೆ ವಿವರಿಸಬೇಕಾಗಲಿಲ್ಲ. ಇನ್ನೊಂದು ಫ್ಯಾನ್ ಹಾಕಬೇಕೆಂದಿದ್ದ ಹುಡುಗಿ, “ಬಾಗ್ಲೇ ಮುಚ್ಚಿದ್ರೆ ಫ್ಯಾನ್ ಹಾಕಿ ಏನು ಮಾಡೋದು” ಎಂದು ತನ್ನ ಉತ್ತರವನ್ನು ತಾನೇ ಅಳಿಸಿದಳು.

ನಂತರ ಬಿಚ್ಚುವ ಕೆಲಸ. ಪ್ಲಗ್ಗನ್ನೇ ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು, ಪೆಟ್ಟಿಗೆಯ ಬರಿಯ ಲೋಹ ಮುಟ್ಟಿ ಆಮೇಲೆ ಕೈ ಹಾಕಬೇಕು. ಪವರ್ ಸಪ್ಲೈ ಡಬ್ಬವನ್ನು ಮಾತ್ರ ಯಾರೂ ತೆರೆಯಕೂಡದು. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರುತ್ತದೆ. ಸ್ಕ್ರೂಡ್ರೈವರನ್ನು ಗುಂಪಿನ ಹೊರಸುತ್ತಿನಲ್ಲಿ ನಿಂತಿದ್ದ ಹುಡುಗಿಯ ಕೈಗೆ ಕೊಟ್ಟೆ. ಇಂಥ ಪಾಠಗಳಲ್ಲಿ ಹುಡುಗರು ಮುಂದೆ ನುಗ್ಗುತ್ತಾರೆ, ಹುಡುಗಿಯರು ಟಿಪ್ಪಣಿ ಬರೆಯುತ್ತಾರೆ. ಪಾಠಯೋಜನೆಯಲ್ಲೇ ಕೆಲಸ ಹಂಚಿ ಹೆಸರು ಬರೆದಿಟ್ಟುಕೊಳ್ಳದಿದ್ದರೆ ಇದು ತಪ್ಪುವುದಿಲ್ಲ.

ಪ್ರೊಸೆಸರಿನ ಮೇಲಿನ ಫ್ಯಾನನ್ನು ಎತ್ತಿದಾಗ ಲೋಹದ ರೆಕ್ಕೆಗಳ ಮೇಲೆ ಬಿಳಿಬೂದು ಕಂಬಳಿ ಹಾಸಿದಂತಿತ್ತು. ಮುಟ್ಟಿ ನೋಡಿದವರು “ಸೀಮೆಸುಣ್ಣ ಮಿಸ್!” ಎಂದರು. ಕಪ್ಪುಹಲಗೆಗೆ ಅತಿ ಹತ್ತಿರ ಇದ್ದದ್ದು ಆ ಯಂತ್ರವೇ. ಲೋಹದ ತಟ್ಟೆಯನ್ನು ಅಲ್ಲಾಡಿಸದೆ ಬಣ್ಣದ ಬ್ರಷ್ಷಿನಿಂದ ಧೂಳು ಸಡಿಲಿಸಿ, ಪೆಟ್ಟಿಗೆಯನ್ನು ಜಗಲಿಗೆ ಒಯ್ದು ಬ್ಲೋವರ್ ಹಿಡಿದೆವು. ಆ ತಟ್ಟೆಯನ್ನು ಕಿತ್ತರೆ ಅದರಡಿಯ ಥರ್ಮಲ್ ಪೇಸ್ಟನ್ನು ಹೊಸದಾಗಿ ಹಚ್ಚಬೇಕಾಗುತ್ತದೆ, ತರಗತಿಯಲ್ಲಿ ಆ ಗೋಜು ಬೇಡ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಒತ್ತಿ ಹಿಡಿಯಬೇಕು. ಗಾಳಿಯ ರಭಸಕ್ಕೆ ಮಿತಿ ಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಮುಂದಿನ ಜಾಲರಿಯನ್ನು ತೊಳೆದು ಒಣಗಿಸಿದೆವು.

ಎಲ್ಲ ಜೋಡಿಸಿ, ಗೋಡೆಯಿಂದ ಒಂದು ಗೇಣು ಮುಂದಕ್ಕಿಟ್ಟು, ಮುಚ್ಚಳ ಹಾಕಿ ಹತ್ತು ನಿಮಿಷ ಓಡಿಸಿದಾಗ 57 ಡಿಗ್ರಿ. ಫ್ಯಾನಿನ ವೇಗ 1620. ಕೊಠಡಿ ಸದ್ದಿಲ್ಲದಾಯಿತು ಎನ್ನಲಾರೆ, ಆದರೆ ಕೊನೆಯ ಸಾಲಿನವರಿಗೆ ನನ್ನ ಮಾತು ಕೂಗದೆಯೇ ಕೇಳಿಸಿತು. ಫ್ಯಾನನ್ನು ನಾವು ನಿಧಾನ ಮಾಡಿರಲಿಲ್ಲ. ಬಿಸಿ ಏರಿದಂತೆ ಮದರ್‌ಬೋರ್ಡೇ ಅದನ್ನು ಓಡಿಸುತ್ತದೆ, ಇಳಿದಂತೆ ಬಿಡುತ್ತದೆ. ಸದ್ದನ್ನು ಜ್ವರದ ಹಾಗೆ ಓದಬಹುದು ಎಂಬುದು ಇಲ್ಲಿ ಮಕ್ಕಳಿಗೆ ತಾನಾಗಿ ಹೊಳೆಯಿತು.

ಆವೃತ್ತಿಯ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು. ಫ್ಯಾನಿಗೆ ಏಳು ರೆಕ್ಕೆ. ನಿಮಿಷಕ್ಕೆ 2880 ಸುತ್ತು ಎಂದರೆ ಸೆಕೆಂಡಿಗೆ 48. ರೆಕ್ಕೆಗಳು ಒಂದು ಬಿಂದುವನ್ನು ದಾಟುವುದು ಸೆಕೆಂಡಿಗೆ 336 ಸಲ, ಅಂದರೆ 336 ಹರ್ಟ್ಸ್. 1620ಕ್ಕೆ ಲೆಕ್ಕ ಹಾಕಿದರೆ 189 ಹರ್ಟ್ಸ್. ಸ್ಥಾಯಿ ಇಳಿದದ್ದನ್ನು ಕಿವಿ ಮೊದಲೇ ಹೇಳಿತ್ತು, ಲೆಕ್ಕ ಆಮೇಲೆ ಒಪ್ಪಿತು.

ಮಕ್ಕಳಿಗೆ ಹೇಳದಿದ್ದರೂ ಶಿಕ್ಷಕರು ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಫ್ಯಾನಿನ ವೇಗ ಅರ್ಧವಾದರೆ ಗಾಳಿಯೂ ಸುಮಾರು ಅರ್ಧವಾಗುತ್ತದೆ, ಸದ್ದು ಮಾತ್ರ ಸುಮಾರು 15 ಡೆಸಿಬಲ್ ಇಳಿಯುತ್ತದೆ. 120 ಮಿಲಿಮೀಟರಿನ ಫ್ಯಾನಿನ ವಿಸ್ತೀರ್ಣ 80 ಮಿಲಿಮೀಟರಿನದಕ್ಕಿಂತ ಎರಡೂಕಾಲು ಪಟ್ಟು. ಹಾಗಾಗಿ ದೊಡ್ಡ ಫ್ಯಾನು ನಿಧಾನವಾಗಿ ತಿರುಗಿಯೂ ಅಷ್ಟೇ ಗಾಳಿ ದೂಡಬಲ್ಲದು. 100 ವ್ಯಾಟ್ ಬಿಸಿಯನ್ನು ಒಯ್ಯುವ ಗಾಳಿ 10 ಡಿಗ್ರಿಯಷ್ಟೇ ಬಿಸಿಯಾಗಬೇಕೆಂದರೆ ಸೆಕೆಂಡಿಗೆ ಸುಮಾರು 8 ಲೀಟರ್ ಗಾಳಿ ಸಾಕು. ಇಷ್ಟು ಗಾಳಿ ಒಂದು ಸಾಧಾರಣ ಫ್ಯಾನಿನಿಂದಲೂ ಸಿಗುತ್ತದೆ, ದಾರಿ ತೆರೆದಿದ್ದರೆ.

ಒಂದು ಅವಧಿಗೆ ಒಂದೇ ಪರಿಕಲ್ಪನೆ ಇರಬೇಕಿತ್ತು, ಇಲ್ಲಿ ಉಷ್ಣ, ಘರ್ಷಣೆ, ಶಬ್ದ ಮೂರೂ ಬೆರೆತಿವೆ ಎಂದು ನಮ್ಮ ವೀಕ್ಷಕ ಉಪನ್ಯಾಸಕರು ಷರಾ ಬರೆದರು. ಹೊಸ ಪರಿಕಲ್ಪನೆ ಕಲಿಸುವ ಪಾಠಕ್ಕೆ ಆ ಮಾತು ಸಲ್ಲುತ್ತದೆ. ಪುನರವಲೋಕನಕ್ಕೆ ಸಲ್ಲುವುದಿಲ್ಲ ಎಂದು ನಾನು ವಿನಯದಿಂದಲೇ ವಾದಿಸಿದೆ. ಕೆಟ್ಟ ಯಂತ್ರ ಅಧ್ಯಾಯಗಳನ್ನು ಬೇರೆಬೇರೆ ಮಾಡಿಕೊಂಡು ಕೆಡುವುದಿಲ್ಲ.

ಘರ್ಷಣೆ ಬಂದದ್ದು ಕೊನೆಗೆ. ಗಾಳಿಯ ಸದ್ದು ಇಳಿದ ಮೇಲೆ ಅದರಡಿ ಮುಚ್ಚಿಹೋಗಿದ್ದ ‘ಕಿರ್’ ಎಂಬ ಇನ್ನೊಂದು ಸದ್ದು ಕೇಳತೊಡಗಿತು. ಚಾರ್ಟ್ ಹಾಳೆ ಸುರುಳಿ ಸುತ್ತಿ ಕಿವಿಗಿಟ್ಟು ಸರದಿಯಂತೆ ಹುಡುಕಿದರು. ಪಕ್ಕದ ತಗಡು ಒತ್ತಿ ಹಿಡಿದಾಗ ನಿಲ್ಲಲಿಲ್ಲ, ಆದ್ದರಿಂದ ಅದು ತಗಡಿನ ಅದುರಾಟವಲ್ಲ. ಹಿಂಬದಿಯ ಫ್ಯಾನಿನ ನಡುಗುಂಬದಲ್ಲಿ ಸದ್ದು ಹೆಚ್ಚಿತ್ತು: ಬೇರಿಂಗ್ ಸವೆದಿದೆ, ಅದನ್ನು ಬದಲಿಸಲೇಬೇಕು. ಬಂದ್ ಮಾಡಿ ಸ್ಕೇಲಿನಿಂದ ಅಳೆದರು. ಮಾವನ ಅಂಗಡಿಯ ಹುಡುಗ ಅಂಗಡಿಗೆ ಒಯ್ಯಲು ಚೀಟಿ ಬರೆದುಕೊಂಡ: ಫ್ಯಾನಿನ ಬದಿ 80 ಮಿಲಿಮೀಟರ್, ತೂತಿನಿಂದ ತೂತಿಗೆ 71ಕ್ಕಿಂತ ತುಸು ಹೆಚ್ಚು, ವೈರು ಮೂರು, 12 ವೋಲ್ಟ್, ಗಾಳಿ ಹೊರಗೆ ಹೋಗುವಂತೆ ಕೂರಿಸಬೇಕು.